ಕಾಸರಕದ ನಾಲ್ಕು ಗೂಟ

ರಸ್ತೆಯಾಚೆಯ ಮನೆಯ ಅಮ್ಮಣ್ಣಿ ಗುಡಿಸುತ್ತಿದ್ದಳು. ಕುಕ್ಕುಂದೂರಿನ ಆ ಬಯಲಿನ ನಟ್ಟನಡುವೆ ಕಾಸರಕದ ಮರದ ನಾಲ್ಕು ಗೂಟಗಳು. ಅವುಗಳ ಸುತ್ತ ತರಗೆಲೆ ಬಾಚುತ್ತ ಹಿಂದೆ ಹಿಂದೆ ಸರಿಯುವಳು. ಹಿಡಿಸೂಡಿಯ ಒಂದು ಕಡ್ಡಿಯೂ ಒಳಗೆ ತಾಗದಂತೆ. ಗೂಟಗಳ ನಡುವೆ ಒಂದು ಚಾಪೆ ಹಾಸುವಷ್ಟೇ ಜಾಗ. ಅಲ್ಲಿ ಹುಲ್ಲು ಹುಟ್ಟುತ್ತಿರಲಿಲ್ಲ.

ಅಲ್ಲಿ ಏಳಬೇಕಾಗಿದ್ದದ್ದು ಬನ್ನಂಜೆಯ ಇಂಜಿನಿಯರ್ ಮಧ್ವರಾಜ ನಕ್ಷೆ ಬರೆದ ಮೊದಲ ಕಾಲನಿ. ಎಂಬತ್ತಮೂರರ ಬೇಸಗೆ. ಕೆಳಗೆ ಅಂಗಡಿ, ಮೇಲೆ ಮನೆ. ನಡುವೆ ಮರಗಳ ನೆರಳಿನಲ್ಲಿ ಎಲ್ಲರಿಗೂ ಸೇರಿದ ದೊಡ್ಡ ಅಂಗಳ. ಅಂಗಳ ದಂಡ, ಅಲ್ಲೂ ಮನೆಯೇ ಬೇಕು ಎನ್ನುತ್ತಿದ್ದ ಜಾಗದ ಯಜಮಾನರು ಮರುದಿನ ಬರುವವರಿದ್ದರು. ನೆಲದ ಮೇಲೆ ಸುಣ್ಣದ ಗೆರೆ ಎಳೆದು ತೋರಿಸಿದರೆ ಒಪ್ಪಿಯಾರು. ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲು. ಆದರೆ ಗೆರೆಯ ಹಗ್ಗ ಕಟ್ಟಲು ಮುರಕಲ್ಲಿನ ಗಟ್ಟಿ ನೆಲಕ್ಕೆ ಬಡಿದ ಬಿದಿರಿನ ಗೂಟಗಳೆಲ್ಲ ಸೀಳಿಹೋಗಿದ್ದವು.

ಮಧ್ವರಾಜ ಕಾಸರಕದ ಗೂಟಕ್ಕೆ ಕೈ ಹಾಕಿದ.

“ಮುಟ್ಟಬೇಡಿ ಇಂಜಿನಿಯರೇ,” ಅಮ್ಮಣ್ಣಿ ಹಿಡಿಸೂಡಿ ಕೆಳಗಿಟ್ಟು ಅಡ್ಡ ಬಂದಳು. “ನನ್ನ ಅಜ್ಜಿಯ ಕಾಲದಲ್ಲಿ ಯಾರೋ ಮಾಟ ಮಾಡಿ ಒಂದನ್ನು ಇಲ್ಲಿಗೆ ಬಿಟ್ಟದ್ದು. ಮೂರು ಮನೆಯಲ್ಲಿ ದೀಪ ಹಚ್ಚುವವರು ಉಳಿಯಲಿಲ್ಲ. ಮತ್ತೆ ಮಂತ್ರವಾದಿ ಬಂದು ಗೂಟದ ಒಳಗೆ ಕಟ್ಟಿ ಹಾಕಿದರು. ಗೂಟ ಎಲ್ಲಿಯವರೆಗೆ ಉಂಟೋ ಅಲ್ಲಿಯವರೆಗಿನ ಜಾಗ ಅದರದ್ದು. ಒಳಗೆ ಸಿಕ್ಕಿದವರೂ ಅದರದ್ದೇ.”

“ಪಾಪ, ಇಷ್ಟು ಸಣ್ಣ ಜಾಗದಲ್ಲಿ ಅದು ಕಾಲು ಚಾಚುವುದು ಹೇಗೆ ಮಾರಾಯ್ತಿ? ನಾನು ಎರಡು ಎಕರೆ ಕೊಡುತ್ತೇನೆ!”

ಮೇಸ್ತ್ರಿ ವಾಸು ನಗಲಿಲ್ಲ, ಗೂಟ ಮುಟ್ಟಲೂ ಇಲ್ಲ. ಮಧ್ವರಾಜನೇ ನಾಲ್ಕನ್ನೂ ಕಿತ್ತು ಬಯಲಿನ ನಾಲ್ಕು ಮೂಲೆಗೆ ಬಡಿದ. ಒಂದೂ ಸೀಳಲಿಲ್ಲ. ಅಮ್ಮಣ್ಣಿ ಹಿಡಿಸೂಡಿ ಎತ್ತಿಕೊಂಡು ಗೂಟಗಳ ಆಚೆ ಹೋಗಿ ನಿಂತಳು.

ಮೂರುಸಂಜೆಗೆ ಗೆರೆಗಳು ಮುಗಿಯುತ್ತ ಬಂದವು. ಹಕ್ಕಿಗಳ ಸದ್ದು ಇರಲಿಲ್ಲ. ಮುಚ್ಚಿಟ್ಟ ಬಾವಿಯನ್ನು ತೆರೆದಂತಹ ಹಳಸಲು ತಂಪು ನೆಲದಿಂದ ಏಳುತ್ತಿತ್ತು. ಅದರ ಜೊತೆಗೆ ಸುಟ್ಟ ಕೂದಲಿನ ವಾಸನೆ. ಅಂಗಳದ ಕೊನೆಯ ದಾರಿಯ ಗೆರೆ ಉಳಿದಿತ್ತು. ಮಧ್ವರಾಜ ಬಗ್ಗಿದಲ್ಲಿಂದಲೇ ಕೂಗಿದ, “ವಾಸು, ಹಗ್ಗ ಬಿಗಿ ಹಿಡಿ.”

ಕತ್ತಲಾಗುತ್ತಿದ್ದ ಆ ತುದಿಯಲ್ಲಿ ಹಗ್ಗ ಬಿಗಿಯಾಯಿತು.

“ಇಂಜಿನಿಯರೇ,” ರಸ್ತೆಯ ಕಡೆಯಿಂದ ವಾಸುವಿನ ದನಿ. “ಸುಣ್ಣ ತಂದೆ. ಎಲ್ಲಿ ಇಳಿಸಲಿ?”

“ನೀನು... ನೀನು ಅಲ್ಲಿ ಎಂತ ಮಾಡುವುದು?”

“ಸುಣ್ಣ ಮುಗಿಯಿತು, ತರುತ್ತೇನೆ ಅಂತ ಆಗಲೇ ಹೇಳಿ ಹೋದದ್ದಲ್ವಾ?”

ಹಗ್ಗ ಒಮ್ಮೆ ಜಗ್ಗಿತು. ಮೆಲ್ಲಗೆ. ಗಾಳಕ್ಕೆ ಮೀನು ಸಿಕ್ಕಿತೇ ಎಂದು ನೋಡುವವನ ಹಾಗೆ.

ರಸ್ತೆಯಲ್ಲಿ ಚೀಲ ದೊಪ್ಪೆಂದು ಬಿತ್ತು. ವಾಸು ಓಡಿದ. ಮಧ್ವರಾಜನೂ ಓಡಿದ. ಹಿಂದೆ ಏನೋ ಎಳೆಯುವ ಸದ್ದು. ತಿರುಗಿ ನೋಡಿದ. ಅಂಗಳದ ಗೆರೆ ಅಳಿಯಿತು. ಮನೆಗಳ ಗೆರೆ ಅಳಿಯಿತು. ಅಂಗಡಿಯ ಗೆರೆ. ಒಂದೊಂದಾಗಿ. ಅವನ ಕಡೆಗೇ. ಮೂಲೆಯ ಗೂಟ ಸಿಕ್ಕಿತು. ದಾಟಲು ಕಾಲೆತ್ತಿದ. ಕಾಲು ಒಳಗೇ ಇಳಿಯಿತು. ಮತ್ತೆ ಎತ್ತಿದ. ಮತ್ತೆ ಒಳಗೇ.

ಎರಡು ಮಾರು ಆಚೆ ಅಮ್ಮಣ್ಣಿ ನಿಂತಿದ್ದಳು.

“ಅಕ್ಕಾ, ಈ ಗೂಟ ಕಿತ್ತುಬಿಡಿ!”

ಅವಳು ಗೂಟವನ್ನು ನೋಡಿದಳು. ಬಳಿಕ, ರಸ್ತೆಯಾಚೆ ತನ್ನ ಮನೆಯಲ್ಲಿ ಮಗಳು ಆಗಷ್ಟೇ ಹಚ್ಚಿದ ದೀಪವನ್ನು. ಬಗ್ಗಿ ಹಿಡಿಸೂಡಿ ಊರಿ, ಗೂಟದ ಹೊರಗೆ ಬಿದ್ದಿದ್ದ ಸುಣ್ಣವನ್ನು ಒಳಕ್ಕೆ ಗುಡಿಸುತ್ತ, ಹಿಂದೆ ಹಿಂದೆ ಸರಿಯತೊಡಗಿದಳು.

ಅವನ ಕುತ್ತಿಗೆಗೆ ತಣ್ಣನೆಯ ಉಸಿರು ತಾಗಿತು. ಬೆನ್ನ ಹಿಂದಿನಿಂದ, ಅವನದೇ ದನಿಯಲ್ಲಿ, ಮಾತು ಬಂತು.

“ಒಂದು ಗೂಟ, ಅಕ್ಕ. ಒಂದೇ ಒಂದು ಕಿತ್ತುಬಿಡಿ.”