ಕುರ್ಚಿಯ ಹಿಂದಿನ ಕನ್ನಡಿ

ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಕುಶನ್ ಅಂಗಡಿಯ ಅರ್ಧ ತೆರೆದ ಶಟರ್ ಕೆಳಗೆ ಬಗ್ಗಿ ಒಬ್ಬ ಯುವಕ ಒಳಗೆ ಬಂದ. ಅವನ ಕೈಯಲ್ಲಿ ಮೊಬೈಲ್ ಇತ್ತು. ಮೊಬೈಲಿನಲ್ಲಿ ಆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ತೆಗೆದ ಫೋಟೋ ಇತ್ತು.

"ಇದನ್ನ ನಿಮ್ಮ ಅಂಗಡಿ ವೆಬ್‌ಸೈಟಿಗೆ ಹಾಕಿದ್ದು ಯಾರು?"

ಅವಳು ತುಟಿಯಲ್ಲಿ ಕಚ್ಚಿಕೊಂಡಿದ್ದ ಸಣ್ಣ ಮೊಳೆಗಳನ್ನು ಅಂಗೈಗೆ ತೆಗೆದುಕೊಂಡಳು. "ನಾನೇ ಸರ್. ನಿಮ್ಮದೂ ಕುರ್ಚಿ ಇದೆಯಾ ರಿಪೇರಿಗೆ?"

"ಈ ಕುರ್ಚಿಯೇ ನಮ್ಮದು! ಕುರ್ಚಿ ಬಿಡಿ... ಹಿಂದೆ ನೋಡಿ. ಕನ್ನಡಿ ನೋಡಿ!"

ಅವಳು ನೋಡಿದಳು.

ಹರಿದ ಕುರ್ಚಿಯ ಹಿಂದೆ ಬೀರುವಿನ ಕನ್ನಡಿ. ಕನ್ನಡಿಯೊಳಗೊಂದು ಮಂಚ. ಮಂಚದ ಮೇಲೆ ಎಡಕ್ಕೆ ವಾಲಿ ಕೂತ ಹಿರಿಯರು. ಮೈಮೇಲೆ ಅಂಗಿಯಿಲ್ಲ. ಕುತ್ತಿಗೆಗೆ ಟವೆಲ್. ಬಾಯಿಯ ಒಂದು ಕೊನೆಯಿಂದ ಜೊಲ್ಲು ಇಳಿಯುತ್ತಿತ್ತು.

ಅವಳ ಅಂಗೈಯಿಂದ ಮೊಳೆಗಳು ಉದುರಿದವು.

"ಅಯ್ಯೋ... ಸರ್, ಇದು ನನಗೆ ಕಾಣಲೇ ಇಲ್ಲ!"

"ನಿಮಗೆ ಕಾಣ್ಲಿಲ್ಲ, ಊರಿಗೆಲ್ಲ ಕಾಣ್ತು! ನಮ್ಮಪ್ಪ ಮೂವತ್ತೊಂದು ವರ್ಷ ಡ್ರಿಲ್ ಮೇಷ್ಟ್ರಾಗಿದ್ರು. ಇಸ್ತ್ರಿ ಇಲ್ಲದ ಅಂಗಿ ಹಾಕ್ಕೊಂಡು ಬೀದಿಗೆ ಇಳಿದವರಲ್ಲ. ಲಕ್ವ ಹೊಡೆದ ಮೇಲೆ ನೆಂಟರನ್ನೂ ಕೋಣೆಯೊಳಗೆ ಬಿಟ್ಟಿಲ್ಲ. ಕೆಳಗೆ ಏನು ಬರೆದಿದ್ದಾರೆ, ಓದಿ!"

"ನಮ್ಮ ಡ್ರಿಲ್ ಮೇಷ್ಟ್ರಲ್ವಾ ಇದು? ಅಯ್ಯೋ ಪಾಪ..." "ಹುಲಿ ಹಾಗಿದ್ದವರು, ಹೇಗಾಗಿ ಹೋದ್ರು!" ಇಂಥವು ನಲವತ್ತಮೂರು ಇದ್ದವು.

ಅವಳು ತನ್ನ ಮೊಬೈಲ್ ತೆಗೆದು, ಇನ್ನೊಮ್ಮೆ ನೋಡಿ ಫೋಟೋ ಅಳಿಸಿದಳು. "ತೆಗೆದುಬಿಟ್ಟೆ ಸರ್. ತಪ್ಪಾಯ್ತು..."

"ತೆಗೆದ್ರೆ ನೋಡಿದವರ ಕಣ್ಣಿಂದಲೂ ಹೋಗುತ್ತಾ?"

ಅವನು ಮತ್ತೆ ಬಗ್ಗಿ ಹೊರಗೆ ಹೋದ.

ನಡೆದದ್ದು ಇಷ್ಟು. ಹಿಂದಿನ ವಾರ ಅವಳು ಕುರ್ಚಿ ನೋಡಲು ಆ ಮನೆಗೆ ಹೋಗಿದ್ದಳು. ಬಾಗಿಲು ತೆರೆದವಳು ಅವನ ಅಕ್ಕ. "ಒಂದು ಫೋಟೋ ತಗೋಬಹುದಾ?" ಎಂದು ಕೇಳಿದ್ದಕ್ಕೆ, "ಕುರ್ಚಿದು ತಾನೇ? ತಗೊಳ್ಳಿ" ಎಂದು ಅಕ್ಕ ಅಡುಗೆಮನೆಗೆ ಓಡಿದ್ದಳು. ಕುರ್ಚಿ ಕೋಣೆಯ ಬಾಗಿಲ ಬಳಿಯೇ ಇತ್ತು. ಕಿಟಕಿ ಮುಚ್ಚಿದ ಕೋಣೆ. ಒಳಗಿನ ಮಂಚವಿದ್ದ ಮೂಲೆಯಲ್ಲಿ ಕತ್ತಲೆ. ಫ್ಲ್ಯಾಶ್ ಹಾಕಿದರೆ ಬಟ್ಟೆ ಬೆಳ್ಳಗೆ ಹೊಳೆದು ಹರಿದದ್ದು ಮರೆಯಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹಾಗೇ ತೆಗೆದಳು. ಸಂಜೆ ಅಂಗಡಿಯಲ್ಲಿ ಕೂತು, ಬಿಟ್ಟುಹೋದ ಹೊಲಿಗೆ, ಹೊರಗೆ ಇಣುಕಿದ ನಾರು ಕಾಣುವ ತನಕ ಫೋಟೋದ ಬೆಳಕು ಏರಿಸಿದಳು. ದೊಡ್ಡದು ಮಾಡಿ ಒಂದೊಂದೇ ಹೊಲಿಗೆ ಪರೀಕ್ಷಿಸಿ, 'ರಿಪೇರಿಗೆ ಮುಂಚೆ' ಎಂದು ಬರೆದು ಅಂಗಡಿಯ ವೆಬ್‌ಸೈಟಿಗೆ ಹಾಕಿದಳು.

ನೂಲು ಎಳ್ಳಷ್ಟು ಸೊಟ್ಟಗಿದ್ದರೂ ಹಿಡಿಯುವ ಕಣ್ಣು ಅವಳದು. ಆ ಕಣ್ಣು ಫೋಟೋದ ಅಂಚಿಗೆ ಹೋಗಲಿಲ್ಲ. ಕುರ್ಚಿಗೆ ಬೆಳಕು ಏರಿದಂತೆ ಕತ್ತಲೆಯಲ್ಲಿದ್ದ ಕನ್ನಡಿಗೂ ಬೆಳಕು ಏರಿತ್ತು.

"ಕುರ್ಚಿ ಮಾತ್ರ ನೋಡ್ತೀಯ, ಕೂತ್ಕೊಳ್ಳೋರನ್ನ ನೋಡಲ್ಲ," ಎಂದರು ದೊಡ್ಡಮ್ಮ, ಹೊಲಿಗೆ ಯಂತ್ರದ ಮೇಲಿಂದ ತಲೆಯೆತ್ತದೆ. ಅಂಗಡಿ ಅವರದ್ದು. ಅವಳನ್ನು ಸಾಕಿದವರೂ ಅವರೇ. "ಈ ಹಾಳು ಫೋಟೋ ಇಲ್ದೇನೂ ನಾನು ಇಪ್ಪತ್ತೆಂಟು ವರ್ಷ ಅಂಗಡಿ ನಡೆಸಿದ್ದೀನಿ."

"ಬೈರಿ ದೊಡ್ಡಮ್ಮ. ಇನ್ನೂ ನಾಲ್ಕು ಬೈರಿ."

"ಬೈದ್ರೆ ನಿಂಗೆ ಹಗುರ ಆಗುತ್ತೆ. ಅದಕ್ಕೇ ಬೈಯಲ್ಲ, ಹೋಗು."

ಅವಳು ಮೊಬೈಲನ್ನು ಸ್ಪಂಜಿನ ರಾಶಿಯ ಹಿಂದೆ ಎಸೆದಳು. 'ಇನ್ನು ನಾನು ಫೋಟೋ ತೆಗೆಯುವುದಿಲ್ಲ... ಯಾವ ಮುಖ ಇಟ್ಟುಕೊಂಡು ತೆಗೆಯಲಿ?'

ಮೂರನೇ ದಿನ ಕ್ಷಮೆ ಕೇಳಲು ಆ ಯುವಕನ ಔಷಧಿ ಅಂಗಡಿಗೆ ಹೋದಳು. ಕೌಂಟರಿನ ಮುಂದೆ ನಾಲ್ಕು ಜನರಿದ್ದರು. ಅವಳು ಹಿಂದೆ ನಿಂತಳು.

"ಏನಪ್ಪಾ," ಎಂದ ಒಬ್ಬ ಗಿರಾಕಿ, "ಮೇಷ್ಟ್ರು ದಿನಾ ಎರಡು ಮೈಲಿ ನಡೀತಾರೆ ಅಂತ ಹೋದ ತಿಂಗಳು ತಾನೇ ಹೇಳಿದ್ದೆ? ಫೋಟೋ ನೋಡಿದ್ರೆ ಬೇರೇನೇ ಇದೆಯಲ್ಲ! ಹೆತ್ತಪ್ಪನ ವಿಷಯದಲ್ಲೂ ಸುಳ್ಳಾ?"

ಅವನು ಮಾತ್ರೆಯ ಪಟ್ಟಿಯನ್ನು ಎಣಿಸುತ್ತಲೇ ಇದ್ದ. ಕಿವಿ ಕೆಂಪಾಗಿತ್ತು.

ಅವಳಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ತಿರುಗುವಷ್ಟರಲ್ಲಿ ಅವನು ನೋಡಿಬಿಟ್ಟ.

"ಓಹೋ! ಮಜಾ ನೋಡೋಕೆ ಬಂದ್ರಾ?"

ಅವಳು ಕ್ಷಮೆ ಕೇಳದೆಯೇ ತಿರುಗಿದಳು. ತಲೆ ತಗ್ಗಿಸಿ ನಡೆದಳು.

ಆದರೆ ರಿಪೇರಿಗೆ ತಂದಿದ್ದ ಕುರ್ಚಿ ಅಂಗಡಿಯಲ್ಲೇ ಇತ್ತು. ಅದನ್ನು ಮುಗಿಸದೆ ಬಿಡುವಂತಿರಲಿಲ್ಲ. ಅವಳು ಹಳೆಯ ನಾರನ್ನೆಲ್ಲ ಕಿತ್ತು, ಪಟ್ಟಿ ಬಿಗಿದು, ಹೊಸ ಸ್ಪಂಜು ಕೂರಿಸಿದಳು.

ಮುಂದಿನ ಸೋಮವಾರ ಅವನು ಬಂದ. ಮುಖ ಗಂಟಿಕ್ಕಿತ್ತು.

"ಕುರ್ಚಿ ಹೇಗಿದೆಯೋ ಹಾಗೇ ಕೊಡಿ. ತಗೊಂಡು ಹೋಗ್ತೀನಿ."

"ಇನ್ನೂ ಬಟ್ಟೆ ಹಾಕಿಲ್ಲ ಸರ್..."

ಅವನ ಕಣ್ಣು ಕುರ್ಚಿಯ ತೋಳುಗಳ ಮೇಲೆ ನಿಂತಿತು. ಎಡಗಡೆಯದು ಬಲಗಡೆಯದಕ್ಕಿಂತ ದಪ್ಪಗಿತ್ತು, ನಾಲ್ಕು ಬೆರಳು ಎತ್ತರವಿತ್ತು.

"ಇದೇನು, ಒಂದು ಕಡೆ ಹೀಗೆ?"

ಅವಳು ನೆಲ ನೋಡುತ್ತಾ ಹೇಳಿದಳು. "ಫೋಟೋ ಅಳಿಸೋ ಮುಂಚೆ ಸರಿಯಾಗಿ ನೋಡಿದೆ. ಅವರು ಎಡಕ್ಕೆ ವಾಲಿದ್ರು... ಆನಿಸ್ಕೊಳ್ಳೋಕೆ ಏನೂ ಇರ್ಲಿಲ್ಲ. ಬೇಡ ಅಂದ್ರೆ ಬಿಚ್ತೀನಿ."

ಅವನು ಆ ತೋಳಿನ ಮೇಲೆ ಕೈಯಿಟ್ಟು ಒತ್ತಿ ನೋಡಿದ.

"ಸೀಟಿನ ಎತ್ತರ ಎಷ್ಟು?" ಎಂದ. ದನಿ ಇಳಿದಿತ್ತು. "ಅಪ್ಪನ ಮೊಣಕಾಲು ಅಳೆದುಕೊಂಡು ಬರ್ಲಾ?"

ಮರುದಿನ ಮೊಣಕಾಲಿನ ಅಳತೆ ತಂದ. ಅದರ ಮರುದಿನ ಬೆನ್ನಿನದು. ಗುರುವಾರ ಬಟ್ಟೆಯ ಬಣ್ಣ ಆರಿಸಲು ಬಂದು ಒಂದು ಗಂಟೆ ಕೂತ. ಶುಕ್ರವಾರ ಬರಿಗೈಯಲ್ಲಿ ಬಂದ.

"ಇವತ್ತು ಯಾವ ಅಳತೆ ತಂದ್ಯಪ್ಪಾ?" ಎಂದರು ದೊಡ್ಡಮ್ಮ. "ಕಿರುಬೆರಳಿಂದಾ?"

ಅವನು ನಕ್ಕುಬಿಟ್ಟ. ಅವಳಿಗೆ ನಗು ಬಂತು, ನಕ್ಕದ್ದಕ್ಕೇ ನಾಚಿಕೆಯಾಯಿತು. 'ಅವರ ಮನೆಯ ಮಾನ ತೆಗೆದವಳು ನಾನು. ಅವರ ಜೊತೆ ನಗುವ ಹಕ್ಕು ನನಗೆಲ್ಲಿದೆ?'

ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಕುರ್ಚಿ ಮನೆ ಸೇರಿತು. ಮೇಷ್ಟ್ರು ಮಂಚದ ಮೇಲೆ ಕಾಯುತ್ತಿದ್ದರು. ಬಿಳಿ ಅಂಗಿ, ಗರಿಗರಿ ಇಸ್ತ್ರಿ. ಮಗ ಹಿಡಿದು ಕೂರಿಸಿದ. ಎಡಗೈ ದಪ್ಪ ತೋಳಿನ ಮೇಲೆ ನಿಂತಿತು. ಅವರು ವಾಲಲಿಲ್ಲ.

ಅವಳು ಬಾಗಿಲ ಬಳಿಯೇ ನಿಂತಿದ್ದಳು. ಒಳಗೆ ಕಾಲಿಡಲು ಧೈರ್ಯವಿರಲಿಲ್ಲ.

"ನೀನೇನಾ... ಫೋಟೋದವಳು?" ಮಾತು ನಿಧಾನವಾಗಿತ್ತು, ಆದರೆ ತಿಳಿಯುತ್ತಿತ್ತು.

"ಹೌದು ಸರ್. ಕ್ಷಮಿಸಿ... ನಿಮಗೂ ಗೊತ್ತಾಯ್ತಾ?"

"ಮಗಳು ತೋರಿಸಿದ್ಲು. ಇನ್ನೊಂದು ತೆಗಿ. ಅದೇ ಜಾಗಕ್ಕೆ ಹಾಕು."

"ಅಪ್ಪಾ!" ಎಂದ ಮಗ.

"ಸುಮ್ನಿರೋ. ಜನ ಅದನ್ನೇ ನನ್ನ ಕೊನೇ ಫೋಟೋ ಅಂದ್ಕೋಬಾರ್ದು."

ಅವಳ ಕಣ್ಣು ತುಂಬಿದವು. "ಬೇಡ ಸರ್... ನನ್ನ ಕೈ ಏಳಲ್ಲ."

"ನಂದೂ ಏಳಲ್ಲ," ಎಂದರು ಮೇಷ್ಟ್ರು. "ಆದ್ರೂ ಇವನು ದಿನಾ ಬೆಳಗ್ಗೆ ಹತ್ತು ಸಲ ಎತ್ತಿಸ್ತಾನೆ. ಎತ್ತು!"

ಡ್ರಿಲ್ ಮೈದಾನದ ದನಿ ಅದು. ಅವಳು ಕಣ್ಣೊರೆಸಿಕೊಂಡಳು. ಕಿಟಕಿಯ ಎರಡೂ ಬಾಗಿಲು ತೆರೆದಳು. ಬೆಳಕು ಮುಖಕ್ಕೆ ಒಂದು ಪಕ್ಕದಿಂದ ಬೀಳುವಂತೆ ಕುರ್ಚಿಯನ್ನು ಮಗನ ಕೈಯಲ್ಲಿ ಓರೆಯಾಗಿ ತಿರುಗಿಸಿದಳು. ಹಿಂದೆ ಬರಿಯ ಗೋಡೆ ಬಂತು. ದುಪಟ್ಟಾದ ತುದಿಯಿಂದ ಮೊಬೈಲಿನ ಲೆನ್ಸ್ ಒರೆಸಿ, ಪರದೆಯ ನಾಲ್ಕು ಮೂಲೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಒತ್ತಿದಳು.

ಮೇಷ್ಟ್ರು ನೋಡಿದರು. "ಭುಜ ಸೊಟ್ಟ. ಇನ್ನೊಂದು."

ಏಳನೆಯದಕ್ಕೆ ಅವರು ತಲೆಯಾಡಿಸಿದರು. ಅದನ್ನು ಅವರ ಎದುರಿಗೇ ವೆಬ್‌ಸೈಟಿಗೆ ಏರಿಸಿದಳು. ಬೆಳಕು ಏರಿಸಲಿಲ್ಲ.

ಮಗ ಅವಳನ್ನು ಕಳಿಸಲು ಮೆಟ್ಟಿಲ ತನಕ ಬಂದ.

"ಒಂದು ಮಾತು... ಅವತ್ತು ನಾನು ಕೂಗಾಡಿದ್ದು ಅಪ್ಪನ ಮರ್ಯಾದೆಗೆ ಅಂತ ನೀವು ಅಂದ್ಕೊಂಡಿದ್ದೀರಿ. ಅಲ್ಲ. ನನ್ನ ಸುಳ್ಳು ಬಯಲಾಯ್ತಲ್ಲ, ಅದಕ್ಕೆ. ಅವರು ಹೀಗಿದ್ದಾರೆ ಅಂತ ಹೇಳೋಕೆ ನನಗೇ ನಾಚಿಕೆ ಆಗ್ತಿತ್ತು. ಕಿಟಕಿ ಮುಚ್ಚಿಸಿದ್ದೂ ನಾನೇ." ಅವನು ತೆರೆದ ಕಿಟಕಿಯ ಕಡೆ ತಿರುಗಿದ. "ನನ್ನ ತಪ್ಪನ್ನ ನಿಮ್ಮ ತಲೆಗೆ ಕಟ್ಟಿದೆ."

"ಗೊತ್ತು. ಅವತ್ತು ನಿಮ್ಮ ಅಂಗಡಿಯಲ್ಲಿ ಕೇಳಿಸ್ತು."

"ಕೇಳಿಸಿಯೂ ಒಂದು ಮಾತು ಆಡ್ಲಿಲ್ಲ?"

"ಕಂಡದ್ದನ್ನೆಲ್ಲ ಊರಿಗೆ ತೋರಿಸೋದು ಬಿಟ್ಟಿದ್ದೀನಿ."

ಅವನು ಅವಳನ್ನೇ ನೋಡಿದ. "ಕುರ್ಚಿ ಮುಗೀತು. ಇನ್ನು ಏನು ನೆಪ ಹೇಳಿ ಬರ್ಲಿ?"

"ಸುಳ್ಳು ಬಯಲಾಯ್ತು ಅಂತ ಈಗ ತಾನೇ ಅಂದ್ರಿ, ಮತ್ತೆ ಸುಳ್ಳಾ!"

"ಹಾಗಾದ್ರೆ ನಿಜ ಹೇಳ್ಲಾ? ನಿನ್ನನ್ನ ನೋಡದ ದಿನ ಹೊತ್ತು ಹೋಗಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಆದರೆ ಈ ಸಲ ತಲೆ ತಗ್ಗಿಸಲಿಲ್ಲ.

"ನನಗೂ... ಇದನ್ನ ದೊಡ್ಡಮ್ಮನ ಎದುರು ಹೇಳ್ತೀರಾ?"

"ಹೇಳ್ತೀನಿ."

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಅವನು ಅಕ್ಕನನ್ನು ಕರೆದುಕೊಂಡು ಬಂದ. ಮದುವೆಯ ಮಾತುಕತೆ ಮುಗಿಯಲು ಎರಡು ಗಂಟೆ ಹಿಡಿಯಿತು. ದೊಡ್ಡಮ್ಮ ಒಪ್ಪಿದರು.