ಏಳಡಿಯ ಹೋಸ್

“ಚೈತಾಲಿ, ಬದಿಗೆ ಸರಿ. ಅಂಕಲ್ ನೀರಿಗೆ ಇಳಿಯಬೇಕು,” ಎಂದರು ಚಿಕ್ಕಮ್ಮ.

“ಸರಿಯುವುದಿಲ್ಲ.”

ಬೋಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಲೈಫ್ ಜಾಕೆಟ್ ತೊಟ್ಟ ಐದನೇ ಕ್ಲಾಸಿನ ಚೈತಾಲಿ, ನೆವಿಲ್ ಅಂಕಲ್ ಎದುರು ಅಡ್ಡ ನಿಂತಿದ್ದಳು. ಅವರು ಬೆನ್ನಿಗೆ ಗಾಳಿಯ ಎರಡು ಸಿಲಿಂಡರ್ ಕಟ್ಟಿಕೊಂಡು ಬೋಟಿನ ಅಂಚಿನಲ್ಲಿ ಕುಳಿತಿದ್ದರು. ದೂರದಲ್ಲಿ ಕಾಪುವಿನ ಲೈಟ್‌ಹೌಸ್ ಬೆರಳುದ್ದ ಕಾಣುತ್ತಿತ್ತು.

ಬೋಟಿನ ಕೆಳಗೆ, ನೀರಿನ ಆಳದಲ್ಲಿ, ಸರಕು ಸಾಗಿಸುತ್ತಿದ್ದ, ಮುಳುಗಿದ ಹಳೆಯ ಬಾರ್ಜ್ ಒಂದಿತ್ತು. ಅದರೊಳಗೆ ಹೋಗಿ ವಿಡಿಯೋ ತೆಗೆಯಲು ಚೈತಾಲಿಯ ಚಿಕ್ಕಮ್ಮ ಭವ್ಯಶ್ರೀ ಮತ್ತು ಅವರ ಡೈವಿಂಗ್ ಜೊತೆಗಾರ ನೆವಿಲ್ ಸಿದ್ಧರಾಗಿದ್ದರು.

“ನಿಮ್ಮ ಉದ್ದ ಹೋಸ್ ಸರಿ ಇಲ್ಲ ಅಂಕಲ್.”

ನೆವಿಲ್ ನಕ್ಕರು. “ನಾನು ಇಪ್ಪತ್ತು ವರ್ಷದಿಂದ ಡೈವ್ ಮಾಡ್ತಾ ಇದ್ದೇನೆ, ಪುಟ್ಟಿ.”

“ಆದ್ರೂ ಸರಿ ಇಲ್ಲ.”

ಚಿಕ್ಕಮ್ಮನ ಮುಖ ಕೆಂಪಾಯಿತು. “ದೊಡ್ಡವರ ಹತ್ರ ಹೀಗಾ ಮಾತಾಡುವುದು? ಇನ್ನು ನೀನು ಬೋಟಿಗೆ ಬರುವುದೇ ಬೇಡ.”

ಈ ಭಾನುವಾರಕ್ಕಾಗಿ ಚೈತಾಲಿ ವಾರವಿಡೀ ಕಾದಿದ್ದಳು. ಆದರೂ ಕಾಲು ಕದಲಿಸಲಿಲ್ಲ.

ಉಚ್ಚಿಲದ ಮನೆಯ ಜಗಲಿಯಲ್ಲಿ ಹೋಸ್‌ಗಳನ್ನು ಹರಡಿಕೊಂಡು ಅವಳಿಗೆ ಇದನ್ನೆಲ್ಲ ಕಲಿಸಿದ್ದೇ ಚಿಕ್ಕಮ್ಮ. ಉಸಿರಾಡಲು ಎರಡು ಹೋಸ್, ಅಂದರೆ ಗಾಳಿಯ ಕೊಳವೆ. ಗಿಡ್ಡದ್ದು ಗಲ್ಲದ ಕೆಳಗೆ ನೇತಾಡುತ್ತದೆ. ಏಳಡಿ ಉದ್ದದ್ದು ಬೆನ್ನಿನಿಂದ ಬಲಗೈಯ ಕೆಳಗೆ ಬಂದು, ಎದೆಯ ಮೇಲೆ ಹಾದು, ಕುತ್ತಿಗೆ ಸುತ್ತಿ ಬಾಯಿಗೆ ಬರುತ್ತದೆ. ಜೊತೆಯವರ ಗಾಳಿ ಮುಗಿದರೆ ತನ್ನ ಬಾಯಿಯಿಂದಲೇ ತೆಗೆದು ಕೊಡಬೇಕಾದದ್ದು ಅದನ್ನೇ; ತನಗೆ ಗಿಡ್ಡದ್ದು. ಇಕ್ಕಟ್ಟಿನಲ್ಲಿ ಒಬ್ಬರ ಹಿಂದೆ ಒಬ್ಬರು ಈಜಬೇಕಲ್ಲ, ಅದಕ್ಕೇ ಅಷ್ಟು ಉದ್ದ. ಅದರ ಮೇಲೆ ಏನೂ ಅಡ್ಡ ಬರಬಾರದು.

“ನಾನು ಬರದಿದ್ರೂ ಅಡ್ಡಿಲ್ಲ,” ಎಂದಳು ಚೈತಾಲಿ. “ಆ ಹೋಸ್ ಇರುವುದು ಅಂಕಲ್‌ಗೆ ಅಲ್ಲ ಚಿಕ್ಕಮ್ಮ. ನಿಮಗೆ.”

ಹಾಗೆಂದವಳೇ ನೆವಿಲ್ ಕಡೆ ತಿರುಗಿ, ಅಂಗೈಯನ್ನು ಗಂಟಲಿನ ಮುಂದೆ ಅಡ್ಡಡ್ಡ ಆಡಿಸಿದಳು. ಗಾಳಿ ಮುಗಿಯಿತು ಎಂಬ ಸನ್ನೆ ಅದು.

ಇಪ್ಪತ್ತು ವರ್ಷಗಳ ಅಭ್ಯಾಸ. ನೆವಿಲ್ ಕೈ ತಾನಾಗಿಯೇ ಮೇಲೆದ್ದಿತು. ಉದ್ದ ಹೋಸಿನ ತುದಿಯನ್ನು ಹಿಡಿದು, ತಲೆ ಬಗ್ಗಿಸಿ, ಅವಳತ್ತ ಚಾಚಿದರು.

ಹೋಸ್ ಒಂದು ಮೊಳ ಬಂದು ನಿಂತುಬಿಟ್ಟಿತು.

ಮತ್ತೆ ಎಳೆದರು. ಬರಲಿಲ್ಲ. ಸೊಂಟದ ಬ್ಯಾಟರಿಯಿಂದ ಬಂದ ಟಾರ್ಚಿನ ವಯರ್ ಹೋಸಿನ ಮೇಲೆ ಅಡ್ಡ ಬಿದ್ದು, ಎದೆಯ ಬಳಿ ಅದನ್ನು ಬಿಗಿಯಾಗಿ ಒತ್ತಿ ಹಿಡಿದಿತ್ತು.

ನೆವಿಲ್ ಟಾರ್ಚ್ ಬಿಚ್ಚಿ, ವಯರನ್ನು ಹೋಸಿನ ಅಡಿಗೆ ತಂದು ಮತ್ತೆ ಸಿಕ್ಕಿಸಿದರು. ಇನ್ನೊಮ್ಮೆ ಹೋಸ್ ಚಾಚಿದರು. ಚೈತಾಲಿ ಅದನ್ನು ಹಿಡಿದು ಹಿಂದೆ ಹಿಂದೆ ಹೋದಳು. ಏಳಡಿಯೂ ಸಲೀಸಾಗಿ ಬಂತು.

“ನಡುವೆ ಫೋನ್ ಬಂತಲ್ಲ, ಟಾರ್ಚ್ ಕೊನೆಗೆ ಸಿಕ್ಕಿಸಿದೆ,” ಎಂದರು ನೆವಿಲ್, ಯಾರ ಮುಖವನ್ನೂ ನೋಡದೆ.

ಇನ್ನೂ ಬೈಗುಳ ಬಾಕಿ ಉಂಟೇನೋ ಎಂದು ಚೈತಾಲಿ ತಲೆ ತಗ್ಗಿಸಿದಳು.

ಚಿಕ್ಕಮ್ಮ ಸಿಲಿಂಡರುಗಳ ಭಾರಕ್ಕೆ ಬಾಗುತ್ತ ಬಂದು, ಅವಳ ಮುಂದೆ ಕುಳಿತು ಎರಡೂ ಕೈ ಅಗಲಿಸಿದರು.

“ನನ್ನದೂ ನೋಡು.”

“ನಿಮ್ಮದು ಯಾವಾಗಲೂ ಸರಿಯೇ ಇರ್ತದಲ್ಲ?”

“ನೋಡು ಮಾರಾಯ್ತಿ.”

ಚೈತಾಲಿ ಬಲಗೈಯ ಕೆಳಗಿನಿಂದ ಶುರುಮಾಡಿ ಹೋಸಿನ ಉದ್ದಕ್ಕೂ ಬೆರಳಾಡಿಸಿದಳು. ಎದೆ ದಾಟಿ ಕುತ್ತಿಗೆಯ ಬಳಿ ಬಂದಾಗ, ಅಲ್ಲಿ ಚಿಕ್ಕಮ್ಮನ ನಾಡಿ ಡಬಡಬ ಹೊಡೆದುಕೊಳ್ಳುವುದು ಬೆರಳಿಗೆ ತಿಳಿಯಿತು.

ಅವಳು ಮತ್ತೆ ಮೊದಲಿನಿಂದ, ಇನ್ನೂ ನಿಧಾನವಾಗಿ ನೋಡತೊಡಗಿದಳು.