ಮೂರನೆಯ ಕೊಡ

ಕಾಲಡಿಯ ಹಂಚು ಜಾರಿತು.

ಒಂದಲ್ಲ... ಎರಡು!

ಎರಡೂ ಕೈಯಿಂದ ಮಾಡಿನ ನೆತ್ತಿ ತಬ್ಬಿ ಹಿಡಿದೆ. ಕೆಳಗೆ ಇಪ್ಪತ್ತು ಹೆಂಗಸರು. ಒಬ್ಬಳ ಕೈಯಲ್ಲಿ ಒನಕೆ, ಒಬ್ಬಳ ಕೈಯಲ್ಲಿ ಕಸಬರಿಗೆ, ಉಳಿದವರ ಕೈಯಲ್ಲಿ ಸಿಕ್ಕಿದ್ದು. ಮನೆಯ ಹಿಂಬದಿಗೆ ದ್ಯಾಮಪ್ಪ. ಅವನ ಕೈಯಲ್ಲಿ ಬಿದಿರು ಕಡಿಯುವ ಕೊಯ್ತಾ.

ನೀವೇ ಹೇಳಿ ಸಾಹೇಬರೇ, ಯಾವ ಕಡೆ ಇಳಿಯಬೇಕು?

ನನಗಂತೂ ಕೊಯ್ತಾದ ಕಡೆಯೇ ವಾಸಿ ಅನ್ನಿಸಿತ್ತು.

"ಏ ಭಾಡ್ಯಾ! ಇಳೀತೀಯೋ, ನಾವ ಹತ್ತಿ ಬರೂಣೇನು?" ಕೆಳಗಿನಿಂದ ದುರ್ಗವ್ವ. ಒನಕೆ ಅವಳದ್ದೇ.

"ಅಯ್ಯಾರ..." ಹಿಂದಿನಿಂದ ದ್ಯಾಮಪ್ಪ. ಇವನದು ಮೆತ್ತಗಿನ ದನಿ. "ದಯಮಾಡಿ ಈ ಕಡೆ ಇಳೀರಿ. ಬಿಸಲು ಏರಾಕತ್ತೇತಿ. ನಿಮ್ಮ ಕಾಲು ಮುರದು ನಾ ಊಟಕ್ಕ ಹೋಗಬೇಕು."

ಹೊತ್ತು ಹತ್ತೂವರೆ. ಹನ್ನೆರಡಕ್ಕೆ ನಾನು ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿರಬೇಕು. ಇರದಿದ್ದರೆ ಒಬ್ಬ ಒಳ್ಳೆಯ ಮನುಷ್ಯನ ಹೆಂಡತಿ, ಮಗಳು ಬಂದ ಬಸ್ಸಿನಲ್ಲೇ ವಾಪಸ್!

ಮೊದಲಿನಿಂದ ಹೇಳುತ್ತೇನೆ. ಬೇಗ ಹೇಳುತ್ತೇನೆ... ಹಂಚು ತಡೆಯುವ ಹಾಗೆ ಕಾಣುವುದಿಲ್ಲ.

ನನ್ನ ಹೆಸರು ಅಡಿವೆಯ್ಯ. ಹಳಿಯಾಳದಲ್ಲಿ ಆರು ವರ್ಷ ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದೆ. ಒಂದು ದಿನ ಯಾರೋ ದೊಡ್ಡವರ ಅಳಿಯನ ಕಪಾಳಕ್ಕೆ ಬಾರಿಸಿದೆ. ಮರುದಿನದಿಂದ ಕಾನ್‌ಸ್ಟೇಬಲ್ ಆಗಿರಲಿಲ್ಲ. ಹುಟ್ಟಿನಿಂದ ಜಂಗಮ. ಹಾಗಾಗಿ ಜನ 'ಅಯ್ಯಾರ' ಅನ್ನುತ್ತಾರೆ. ನನ್ನ ಕಾಲು ಮುರಿಯಬೇಕು ಅಂದುಕೊಂಡವರೂ ಮೊದಲು ಆ ಕಾಲಿಗೆ ನಮಸ್ಕಾರ ಮಾಡುತ್ತಾರೆ.

ಇದು ಅರವತ್ತೆರಡನೆಯ ಇಸವಿ. ಕಾಗದದ ಮಿಲ್ಲಿಗೆ ಧಾರವಾಡ, ಬೆಳಗಾವಿ ಕಡೆಯಿಂದ ಜನ ಬರುತ್ತಲೇ ಇದ್ದಾರೆ. ದಾಂಡೇಲಿ ನಾಲ್ಕೂ ದಿಕ್ಕಿಗೆ ಕಾಡಿನೊಳಗೆ ಕಾಲು ಚಾಚುತ್ತಿದೆ. ದಿನಕ್ಕೊಂದು ಬಡಾವಣೆ, ದಿನಕ್ಕೊಂದು ಬೋರ್ಡು! ಹೆಂಡಿರು ಮಕ್ಕಳನ್ನು ಕರೆತರುವ ಮುಂಚೆ ಆ ಜಾಗ ಬಾಳುವಂಥದ್ದೋ ಅಲ್ಲವೋ ಯಾರಾದರೂ ನೋಡಿ ಹೇಳಬೇಕಲ್ಲ.

ಆ ಯಾರಾದರೂ ನಾನೇ.

ನಾನು ಗೋಡೆ ನೋಡುವುದಿಲ್ಲ, ಬಣ್ಣ ನೋಡುವುದಿಲ್ಲ. ನಳದ ಮುಂದಿನ ಕೊಡ ನೋಡುತ್ತೇನೆ. ನೀರು ಬರುವ ಮುಂಚೆ ಹೆಂಗಸರು ಪಾಳಿಗೆ ಕೊಡ ಇಟ್ಟು ಮನೆಗೆಲಸಕ್ಕೆ ಹೋಗುತ್ತಾರೆ. ಕೊಡ ಕೂತಿದ್ದರೆ ಒಡತಿಯೇ ನಿಂತ ಲೆಕ್ಕ. ನಾನು ಹೋಗಿ ಮೂರನೆಯ ಕೊಡ ಎತ್ತಿ ಕೊನೆಗಿಡುತ್ತೇನೆ. ಬೀಡಿ ಹಚ್ಚಿ ಕಾಯುತ್ತೇನೆ. ಆಮೇಲೆ ಏನಾಗುತ್ತದೋ ಅದೇ ನನ್ನ ರಿಪೋರ್ಟು.

ಹೋದ ವಾರ ಮಹಾಂತಪ್ಪ ಬಂದ. ಮಿಲ್ಲಿನಲ್ಲಿ ಫಿಟ್ಟರ್. ನಾಲ್ಕು ವರ್ಷದಿಂದ ಮೂರು ಮಂದಿ ಗಂಡಸರ ಜೊತೆ ಒಂದೇ ಖೋಲಿಯಲ್ಲಿ ವಾಸ. ಹೆಂಡತಿ ಶಂಕ್ರೆವ್ವ, ಐದು ವರ್ಷದ ಮಗಳು ಕಲಘಟಗಿ ಬದಿಯ ಹಳ್ಳಿಯಲ್ಲಿ.

"ಹೋದ ವರ್ಷ ಬ್ಯಾರೆ ಮನಿ ಹಿಡದು ಕರಕೊಂಡು ಬಂದಿದ್ನಿರಿ ಅಯ್ಯಾರ," ಅಂದ. "ಎಂಟ ದಿನ ಇದ್ಲು ನೋಡ್ರಿ. ನಾ ಡಬಲ್ ಡ್ಯೂಟಿ ಮುಗಿಸಿ ಬರೂದ್ರಾಗ ಜ್ವರದಾಗ ನೆಲಕ್ಕ ಬಿದ್ದಿದ್ಲು. ಬಾಗಿಲಾ ತೆರದ ಇತ್ತು. ಮಗ್ಗಲ ಮನಿಯವರು ಒಬ್ಬರೂ ಇಣುಕಿಲ್ಲ!"

"ಈಗೇನಂತಾಳ?"

"ಕಾಗದಾ ಬರಸ್ಯಾಳ್ರಿ. ಬಸ್ಸಿಗೆ ಕುಂದರತೇನಿ, ಅಡಿವೆಯ್ಯಾರು ಸ್ಟ್ಯಾಂಡಿನಾಗ ನಿಂತು ಹೂಂ ಅಂದ್ರ ಇಳೀತೇನಿ. ಇಲ್ಲಂದ್ರ ಅದ ಬಸ್ಸಿನಾಗ ತಿರುಗಿ ಹೋಗ್ತೇನಿ, ಮತ್ತ ನೀವು ಕೇಳಬ್ಯಾಡ್ರಿ ಅಂತ."

ಅವಳ ತವರಿನವರು ನಮ್ಮ ಮಠದ ಭಕ್ತರು. ನನ್ನ ಮಾತಿನ ಮೇಲೆ ಅವಳಿಗೆ ನಂಬಿಕೆ. ನನಗೇ ಅಷ್ಟಿಲ್ಲ.

ಮಹಾಂತಪ್ಪ ಹೊರಡುವಾಗ ಬಾಗಿಲಲ್ಲಿ ನಿಂತ. "ದೀಪಾವಳಿಗೆ ಊರಿಗೆ ಹೋದಾಗ ಮಗಳು ನನ್ನ ನೋಡಿ... 'ಅವ್ವಾ, ಯಾರೋ ಕಾಕಾ ಬಂದಾರ' ಅಂದ್ಲುರಿ."

ಅವತ್ತೇ ಖಾಲಿ ಮನೆ ವಿಚಾರಿಸಲು ಹೊರಟೆ.

ಖಾಲಿ ಇದ್ದದ್ದು ಎರಡೇ ಮನೆ. ಒಂದು ಕೋಗಿಲಬನದ ರಸ್ತೆಯಲ್ಲಿ, ನಾಗಲಿಂಗಪ್ಪನ ಹೊಸ ಬಡಾವಣೆ ಶಾಂತಿನಗರದಲ್ಲಿ. ಇನ್ನೊಂದು ಊರಾಚೆ, ಕಟ್ಟಿಗೆ ಡಿಪೋದ ಹಿಂದಿನ ಓಣಿಯಲ್ಲಿ.

ನಿನ್ನೆ ಶಾಂತಿನಗರಕ್ಕೆ ಹೋದೆ. ಅಬ್ಬಾ! ನೆಟ್ಟಗಿನ ರಸ್ತೆ, ಸುಣ್ಣ ಬಳಿದ ಕಲ್ಲು, ಅಂಗಳಕ್ಕೊಂದು ಗುಲಾಬಿ. ಒಂದು ಕೋಳಿಯ ಸದ್ದಿಲ್ಲ. ನಳದ ಮುಂದೆ ಆರು ಕೊಡ. ಮೂರನೆಯದನ್ನು ಎತ್ತಿ ಕೊನೆಗಿಟ್ಟೆ. ಬೀಡಿ ಹಚ್ಚಿದೆ. ಎದುರಿನ ಕಿಟಕಿ ಎರಡು ಬೆರಳಷ್ಟು ತೆರೆಯಿತು... ಮುಚ್ಚಿತು. ನೀರು ಬಂತು. ಹೆಂಗಸರು ಬಂದರು. ಪಾಳಿ ಕಳೆದುಕೊಂಡವಳು ಕೊನೆಗೆ ನಿಂತಳು. ಮೂರನೆಯದು ಅವಳ ಪಾಳಿ ಅಂತ ಉಳಿದ ಐವರಿಗೂ ಗೊತ್ತಿತ್ತು. ಒಬ್ಬಳೂ ತುಟಿ ಬಿಚ್ಚಲಿಲ್ಲ. ಅವಳ ಪಾಳಿ ಬರುವಷ್ಟರಲ್ಲಿ ನೀರು ನಿಂತಿತು. ಖಾಲಿ ಕೊಡ ಹೊತ್ತು ಹೋದಳು.

ನಾಲ್ಕು ಬೀಡಿ ಮುಗಿದಿದ್ದವು. ರಿಪೋರ್ಟೂ ಮುಗಿದಿತ್ತು.

ಜೀಪು ಬಂದು ನಿಂತಿತು. ನಾಗಲಿಂಗಪ್ಪ ಇಳಿದ. ಬಗ್ಗಿ ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಹೆಂಗ ಐತ್ರಿ ಅಯ್ಯಾರ ನಮ್ಮ ಶಾಂತಿನಗರ?"

"ಶಾಂತಿ ಭಾಳ ಆತು."

"ಅಂದ್ರ?"

"ಶಂಕ್ರೆವ್ವಗ ಊಂಹೂಂ ಅಂತೇನಿ."

ಅವನು ನಕ್ಕ. ಕೈ ಇನ್ನೂ ನನ್ನ ಪಾದದ ಮೇಲೇ ಇತ್ತು. "ಆಕಿ ಹಿಂದ ಧಾರವಾಡ ಕಡೆ ಹನ್ನೊಂದು ಸಂಸಾರ ನಿಮ್ಮ ಬಾಯಿ ನೋಡಾಕತ್ತಾವ. ನಾಳಿ ಹನ್ನೆರಡಕ್ಕ ನಾನೂ ಜೀಪು ತಗೊಂಡು ಸ್ಟ್ಯಾಂಡಿಗೆ ಬರ್ತೇನಿ. ನೀವು ಹೂಂ ಅಂತೀರಿ. ಇಲ್ಲಂದ್ರ... ಈ ಪಾದಾ ಮುರೀತೇನಿ. ತಪ್ಪು ತಿಳ್ಕೋಬ್ಯಾಡ್ರಿ."

ಜೀಪಿನ ಹಿಂದಿನ ಸೀಟಿನಿಂದ ದ್ಯಾಮಪ್ಪ ಕೊಯ್ತಾ ತೊಡೆಯ ಮೇಲಿಟ್ಟುಕೊಂಡು ನನಗೆ ಕೈಮುಗಿದ.

ಹೆದರಿಕೆ? ಆಯಿತು. ಆದರೂ ಇವತ್ತು ಬೆಳಿಗ್ಗೆ ಡಿಪೋ ಓಣಿಗೆ ಬಂದೆ. ಏನು ಓಣಿ ಮಾರಾಯರೇ! ಗಟಾರದ ಮೇಲೆ ಹಲಗೆ, ಹಲಗೆಯ ಮೇಲೆ ಆಡು. ಒಂದು ಮನೆಯ ಜಗಳಕ್ಕೆ ಮೂರು ಮನೆಯವರು ಉತ್ತರ ಕೊಡುತ್ತಿದ್ದರು. ಮಿಲ್ಲಿನ ವಾಸನೆ ಒಂದು ಕಡೆ, ಒಣಮೀನಿನದು ಇನ್ನೊಂದು ಕಡೆ. ನಳದ ಮುಂದೆ ಹನ್ನೊಂದು ಕೊಡ. ಮೂರನೆಯದು ಕಲಾಯಿ ಹಾಕಿಸಿದ ತಾಮ್ರದ್ದು, ಹೊಟ್ಟೆಗೊಂದು ನೆಗ್ಗು.

ಎತ್ತಿದೆ. ಕೊನೆಗಿಟ್ಟೆ. ಬೀಡಿ ಬಾಯಿಗಿಟ್ಟೆ.

ಕಡ್ಡಿ ಗೀರಲಿಲ್ಲ ಸಾಹೇಬರೇ... ಇನ್ನೂ ಗೀರಿರಲಿಲ್ಲ!

"ಯಾರಂವಾ ಅಮೀನಾಬಿ ಕೊಡಾ ಸರಸಿದಾಂವ!"

ಯಾವಳು ಎಲ್ಲಿಂದ ಕೂಗಿದಳೋ ಗೊತ್ತಿಲ್ಲ. ಎಂಟು ಬಾಗಿಲು ಒಟ್ಟಿಗೆ ತೆರೆದವು. ನಾನು ಓಡಿದೆ. ಆಡಿನ ಮೇಲಿಂದ ಹಾರಿದೆ. ಹಪ್ಪಳ ಒಣಹಾಕಿದ ಚಾಪೆಯ ಮೇಲೆ ಕಾಲಿಟ್ಟೆ. ಅದರಿಂದ ಇನ್ನೂ ನಾಲ್ವರು ಸೇರಿಕೊಂಡರು! ಒಂದು ಕಸಬರಿಗೆ ಬೆನ್ನಿಗೆ ಬಿತ್ತು, ಒಂದು ಲಟ್ಟಣಿಗೆ ಹಣೆಗೆ ಬಡಿಯಿತು. ಓಣಿಯ ಕೊನೆಗೆ ದ್ಯಾಮಪ್ಪ ಕೊಯ್ತಾ ಹಿಡಿದು ನಿಂತಿದ್ದ. ನಾನು ಡಿಪೋ ಓಣಿಗೆ ಬಂದದ್ದು ತಿಳಿದು, ಸ್ಟ್ಯಾಂಡ್ ಮುಟ್ಟದಂತೆ ಮಾಡಲು ನಾಗಲಿಂಗಪ್ಪ ಅವನನ್ನು ಹಿಂದೆ ಬಿಟ್ಟಿದ್ದ. ಪಕ್ಕದಲ್ಲಿ ಏಣಿ ಕಂಡಿತು. ಹತ್ತಿ ಮಾಡು ಸೇರಿದೆ.

ಈಗ ಗೊತ್ತಾಯಿತಲ್ಲ, ಹಂಚಿನ ಮೇಲೆ ಯಾಕಿದ್ದೆ ಅಂತ. ಅದು ಅಮೀನಾಬಿಯದೇ ಮನೆ ಅನ್ನುವುದು ಆಮೇಲೆ ತಿಳಿಯಿತು.

"ಬರ್ತೇನ್ರಿ ಅಯ್ಯಾರ, ಅಲ್ಲೇ ಇರ್ರಿ," ಅಂದ ದ್ಯಾಮಪ್ಪ. ಏಣಿ ತಂದು ಹಿಂದಿನ ಗೋಡೆಗೆ ಒರಗಿಸಿದ. ಕೊಯ್ತಾ ಹಲ್ಲಿನಲ್ಲಿ ಕಚ್ಚಿಕೊಂಡು ಹತ್ತಿ ಬಂದ. ನನ್ನ ಬಲಗಾಲು ಹಿಡಿದ. ಅಭ್ಯಾಸಬಲ... ಮೊದಲು ಹಣೆ ಮುಟ್ಟಿಸಿದ. ಆಮೇಲೆ ಕೊಯ್ತಾ ಎತ್ತಿದ.

ಕೆಳಗಿನ ಹೆಂಗಸರು ಆಗ ಅವನನ್ನು ಕಂಡರು.

"ಏ! ಯಾರೋ ನೀ?" ದುರ್ಗವ್ವ.

"ಇದು ನಂದು, ಅಯ್ಯಾರದು ವ್ಯವಹಾರ ಐತಿ ಯವ್ವಾ. ನೀವು ನಡುವ ಬರಬ್ಯಾಡ್ರಿ."

"ಯಾರ ಅಯ್ಯಾರು? ಅಂವಾ ನಮ್ಮ ಕಳ್ಳ!" ದುರ್ಗವ್ವ ಒನಕೆ ನೆಲಕ್ಕೆ ಕುಟ್ಟಿದಳು. "ನಮ್ಮ ಕೊಡಾ ಮುಟ್ಯಾನ, ನಮ್ಮ ಮಾಡು ಹತ್ಯಾನ. ನಾವು ಹೊಡೀತೇವಿ, ಬಿಡ್ತೇವಿ. ನೀ ಯಾವೂರ ದೊಣ್ಣಿನಾಯಕ ಕೊಯ್ತಾ ತಗೊಂಡು ಬಂದಾಂವ?"

"ಹೌದ್ ನೋಡು!" ಅಂದಿತು ಓಣಿ.

ಒಂದು ಕೊಡ ನೀರು ಮೇಲಕ್ಕೆ ಹಾರಿ ದ್ಯಾಮಪ್ಪನ ಮುಖಕ್ಕೆ ಬಿತ್ತು. ಇನ್ನೊಂದು ಕೊಡದ ಜೊತೆ ಕೊಡವೂ ಬಂತು! ಅವನು ಜಾರಿದ. ನನ್ನ ಕಾಲು ಬಿಡಲಿಲ್ಲ. ಇಬ್ಬರೂ ಹತ್ತು ಹನ್ನೆರಡು ಹಂಚಿನೊಡನೆ ಹಿತ್ತಲಿನ ಹುಲ್ಲಿನ ಬಣವೆಯ ಮೇಲೆ ಬಿದ್ದೆವು.

ಕಣ್ಣು ಬಿಟ್ಟಾಗ ಕೊಯ್ತಾ ದುರ್ಗವ್ವನ ಸೊಂಟದಲ್ಲಿತ್ತು. "ಆಡಿಗೆ ಸೊಪ್ಪು ಕಡ್ಯಾಕ ಛಲೋ ಐತಿ," ಅನ್ನುತ್ತಿದ್ದಳು.

ನನ್ನನ್ನು ನಳದ ಕಟ್ಟೆಯ ಮುಂದೆ ನಿಲ್ಲಿಸಿದರು. ಅಮೀನಾಬಿ ಕೊಡ ತಂದು ಮೂರನೆಯ ಜಾಗದಲ್ಲಿ ಇಟ್ಟಳು. ಐವತ್ತರ ಹೆಂಗಸು, ನಿಧಾನದ ಮಾತು. ಪೊಲೀಸ್ ಸ್ಟೇಷನ್ನಿನಲ್ಲೂ ನನಗೆ ಅಷ್ಟು ಭಯವಾದದ್ದಿಲ್ಲ.

"ಯಾಕ ಸರಸಿದ್ರಿ? ಖರೇ ಹೇಳ್ರಿ."

ಖರೇ ಹೇಳಿದೆ. ಮಹಾಂತಪ್ಪ, ಶಂಕ್ರೆವ್ವನ ಜ್ವರ, 'ಯಾರೋ ಕಾಕಾ' ಅಂದ ಮಗಳು, ಹನ್ನೆರಡರ ಬಸ್ಸು. ಎಲ್ಲ!

ಒಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅಂದ್ರ ನಮ್ಮದು ಪರೀಕ್ಷಾ ಮಾಡಾಕ ಬಂದಿದ್ರಿ?" ಅಂದಳು ದುರ್ಗವ್ವ.

"ಹೌದವ್ವಾ."

"ನಾವು ಪಾಸೋ, ನಪಾಸೋ?"

ಹಣೆಯ ಬುಗುಟು ಮುಟ್ಟಿ ನೋಡಿಕೊಂಡೆ. ಕೋಳಿಮೊಟ್ಟೆಯಷ್ಟು ಎದ್ದಿತ್ತು.

"ಪಾಸ್, ಅವ್ವಾ. ಫಸ್ಟ್ ಕ್ಲಾಸ್!"

ಓಣಿ ಕೇಕೆ ಹಾಕಿತು. ಅಮೀನಾಬಿ ಮಾತ್ರ ನಗಲಿಲ್ಲ. "ಪಾಳಿ ಮುರದಾಂವ ಪಾಳಿಯೊಳಗಿನ ಎಲ್ಲಾರ ಕೊಡಾ ತುಂಬಿ ಮನಿ ಮುಟ್ಟಸಬೇಕು. ಇದು ಇಲ್ಲಿ ರಿವಾಜು. ಹನ್ನೊಂದು ಕೊಡಾ."

"ಅಮೀನಾಬಿ, ಬಸ್ಸು..."

"ಮೊದಲ ಬಸ್ಸು. ಆಮ್ಯಾಲೆ ಕೊಡಾ." ಒಳಗೆ ತಿರುಗಿ ಕೂಗಿದಳು. "ಏಜೀ! ಲಾರಿ ತೆಗೀರಿ!"

ಅವಳ ಗಂಡ ಸುಭಾನಿ, ಬಿದಿರಿನ ಲಾರಿಯ ಡ್ರೈವರ್. ಅರ್ಧ ಗಡ್ಡ ಕೆರೆದ ಮುಖದಲ್ಲೇ ಓಡಿಬಂದ. ನಾನು ಮುಂದೆ ಕೂತೆ. ಹಿಂದೆ ಬಿದಿರಿನ ಮೇಲೆ ಹದಿನೈದು ಹೆಂಗಸರು ಹತ್ತಿದರು. ಹೊರಡುವಾಗ ಕಟ್ಟೆಯ ಮೇಲೆ ದ್ಯಾಮಪ್ಪ ಕಂಡ. ಒದ್ದೆಯಾಗಿ ಕೂತಿದ್ದ. ಯಾರೋ ಅವನಿಗೂ ಮಜ್ಜಿಗೆ ಕೊಟ್ಟಿದ್ದರು!

"ಅಯ್ಯಾರ..." ಅಂದ. "ಇಲ್ಲಿ ಮತ್ತೊಂದು ಮನಿ ಖಾಲಿ ಐತೇನು ಕೇಳ್ರಿ."

ಹನ್ನೊಂದು ಐವತ್ತು.

ಮೋರಿಯ ಹತ್ತಿರ ನಾಗಲಿಂಗಪ್ಪನ ಜೀಪು ಸಿಕ್ಕಿತು. ನನ್ನನ್ನು ನೋಡಿದ. ಅಡ್ಡ ನಿಲ್ಲಿಸಿದ. ಸುಭಾನಿ ಬ್ರೇಕಿನ ಬದಲು ಹಾರ್ನ್ ಒತ್ತಿದ.

"ಬ್ರೇಕ್ ಒತ್ತಪಾ!"

"ಹಾರ್ನ್ ಗಟ್ಟಿ ಐತ್ರಿ. ಬ್ರೇಕಿನ ಭರೋಸಾ ಇಲ್ಲ!"

ಜೀಪು ಕೊನೆಯ ಗಳಿಗೆಗೆ ಪಕ್ಕಕ್ಕೆ ಹಾರಿತು. ಲಾರಿ ತಿರುವಿಗೆ ಹೊರಳಿತು. ಹಿಂದೆ ಚಾಚಿದ್ದ ಬಿದಿರಿನ ಬಾಲ ಬೀಸಿ ಬಂದು ಜೀಪಿನ ಕ್ಯಾನ್ವಾಸ್ ಮೇಲ್ಹೊದಿಕೆಗೆ ಸಿಕ್ಕಿಕೊಂಡಿತು... ಪರ್ರ್! ನಾವು ಮೇಲ್ಹೊದಿಕೆ ಸಮೇತ ಮುಂದೆ ಹೋದೆವು. ಬಿದಿರಿನ ಮೇಲಿದ್ದವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಸುಭಾನಿ ಸ್ಟೀರಿಂಗ್ ಬಿಟ್ಟು ತಟ್ಟಿದ!

ಮಿಲ್ಲಿನ ಭೋಂಗಾ ಹೊಡೆಯಿತು. ಹನ್ನೆರಡು.

ಬಸ್ಸು ಬಂದು ನಿಂತಿತ್ತು. ಮಹಾಂತಪ್ಪ ಒಗೆದ ಅಂಗಿ ಹಾಕಿಕೊಂಡು ಬಾಗಿಲ ಕೆಳಗಿದ್ದ. ಮೆಟ್ಟಿಲ ಮೇಲೆ ಶಂಕ್ರೆವ್ವ. ತೆಳ್ಳಗಿನ ಹೆಂಗಸು, ಗಟ್ಟಿ ಕಣ್ಣು, ಸೊಂಟದಲ್ಲಿ ಮಗಳು. ಕೆಳಗೆ ಕಾಲಿಟ್ಟಿರಲಿಲ್ಲ.

"ಇಳೀತೀರೋ ಇಲ್ಲೋ ತಾಯಿ?" ಕಂಡಕ್ಟರ್ ಗೊಣಗಿದ.

"ಅಯ್ಯಾರು ಹೂಂ ಅಂದಾರವ್ವಾ! ಶಾಂತಿನಗರ!" ಬೋಳು ಜೀಪಿನಿಂದ ನಾಗಲಿಂಗಪ್ಪ ಹೂವಿನ ಹಾರ ಹಿಡಿದು ಇಳಿದ.

ಶಂಕ್ರೆವ್ವ ಅವನನ್ನು ನೋಡಲಿಲ್ಲ. ನನ್ನ ಹಣೆ ನೋಡಿದಳು.

"ಇದೇನ್ರಿ ಅಯ್ಯಾರ?"

"ಡಿಪೋ ಓಣ್ಯಾಗ ಒಬ್ಬಾಕಿದು ಕೊಡಾ ಸರಸಿದ್ನಿ."

"ಆಕಿ ಹೊಡದ್ಲೇನು?"

"ಆಕಿ ಮನ್ಯಾಗಿದ್ಲು. ಓಣಿ ಹೊಡೀತು."

ಶಂಕ್ರೆವ್ವ ಲಾರಿಯ ಮೇಲಿನ ಹೆಂಗಸರ ಕಡೆ ತಿರುಗಿದಳು.

ಅಷ್ಟರಲ್ಲಿ ದುರ್ಗವ್ವ ಬಸ್ಸಿನ ಹಿಂದಿನ ಏಣಿ ಹತ್ತಿ ಟ್ರಂಕು ಇಳಿಸಿಯಾಗಿತ್ತು. "ಯಾಕ ನಿಂತೀ ಯವ್ವಾ? ಕೂಸು ಉಂಡೈತೋ ಇಲ್ಲೋ? ಮಾರಿ ನೋಡು ಹೆಂಗ ಬಾಡೇತಿ!" ಅಂದು ಮಗುವನ್ನು ಎಳೆದುಕೊಂಡೇ ಬಿಟ್ಟಳು. ಮಗು ಅಳಲಿಲ್ಲ. ಮಹಾಂತಪ್ಪನ ಕಡೆ ಬೆರಳು ತೋರಿಸಿತು.

"ಅಜ್ಜೀ, ಆ ಕಾಕಾ ಯಾರು?"

"ಕಾಕಾ ಅಲ್ಲ ಹುಚ್ಚಿ, ನಿಮ್ಮಪ್ಪ! ಇಲ್ಲೇ ಇರ್ತಾನ, ದಿನಾ ನೋಡೂವಂತಿ."

ಶಂಕ್ರೆವ್ವ ನಕ್ಕಳು. ಕಣ್ಣು ತುಂಬಿದ್ದವು. ಇಳಿದಳು.

ನಾನು ಹೂಂ ಅನ್ನಲೇ ಇಲ್ಲ. ಯಾರೂ ಕೇಳಲೂ ಇಲ್ಲ! ನಾಗಲಿಂಗಪ್ಪ ಹಾರ ಹಿಡಿದು ನಿಂತಿದ್ದ. ಲಾರಿಯ ಮೇಲಿಂದ ಉಳಿದ ಹೆಂಗಸರೆಲ್ಲ ಅವನನ್ನೇ ನೋಡಿದರು. ಅವನು ಮೆಲ್ಲಗೆ ಜೀಪಿಗೆ ಹೋಗಿ, ಇಲ್ಲದ ನೆರಳಿನಲ್ಲಿ ಕೂತ.

ಸಂಜೆಯವರೆಗೆ ನೀರು ಹೊತ್ತೆ. ಹನ್ನೊಂದು ಕೊಡ. ಹಂಚು ಒಡೆದದ್ದಕ್ಕೆ ಅಮೀನಾಬಿ ಇನ್ನೆರಡು ಹೊರಿಸಿದಳು.

ಕೊನೆಯ ಕೊಡ ಇಳಿಸಿ ಹೊರಟಾಗ ನಳದ ಮುಂದೆ ನಾಳೆಯ ಪಾಳಿ ಆಗಲೇ ಕೂತಿತ್ತು. ಹನ್ನೆರಡನೆಯದು ಶಂಕ್ರೆವ್ವನದು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅದನ್ನು ದಾಟಿ ಹೋದೆ.